ವಾರ್ಡನ್ ಸುಭದ್ರಮ್ಮನ ಪ್ರಥಮ ಚಿಕಿತ್ಸೆ

೩-೭-೧೯೬೧, ಸೋಮವಾರ

ಈ ಡೈರಿಯನ್ನು ಹೊಸ ವರ್ಷಕ್ಕೆ ಔಷಧಿ ಕಂಪನಿಯವರು ಡಾಕ್ಟರಿಗೆ ಕೊಟ್ಟರು, ಡಾಕ್ಟರು ನನಗೆ ಕೊಟ್ಟರು, ನಾನು ಅಕ್ಕಿ ಡಬ್ಬದ ಮೇಲಿಟ್ಟೆ. ಆರು ತಿಂಗಳ ಮೇಲೆ ಇವತ್ತು ಧೂಳು ಕೊಡವಿ ತೆಗೆದಿದ್ದೇನೆ. ನನಗೆ ಬಂದಿರುವ ಸಿಟ್ಟನ್ನು ಯಾರ ಹತ್ತಿರ ಹೇಳಿಕೊಂಡರೂ ಸಂಜೆಯೊಳಗೆ ಶಿವಮೊಗ್ಗಕ್ಕೆಲ್ಲ ಗೊತ್ತಾಗುತ್ತದೆ. ಕಾಗದವಾದರೆ ಸುಮ್ಮನಿರುತ್ತದೆ.

ಸಂಗತಿ ಇಷ್ಟು. ದಾದಿ ಕೆಲಸ ಕಲಿಯುವ ಹದಿನೆಂಟು ಹುಡುಗಿಯರ ಹಾಸ್ಟೆಲಿಗೆ ನಾನು ವಾರ್ಡನ್. ಅವರಲ್ಲಿ ಇಬ್ಬರನ್ನು, ಭದ್ರಾವತಿ ಜನ್ನಾಪುರದ ಜಲಜ ಮತ್ತು ಹೊಳೆಹೊನ್ನೂರಿನ ಹಾಲಮ್ಮ, ಆರು ವಾರದ ಪ್ರಥಮ ಚಿಕಿತ್ಸೆಯ ತರಬೇತಿಗೆ ಕೊಲಂಬೊಗೆ ಕರೆದಿದ್ದಾರೆ. ಹೋಗಿ ಬರುವ ಖರ್ಚೆಲ್ಲ ಕರೆದವರದೇ. ಒಳ್ಳೆಯದಾಯಿತು, ಹೋಗಲಿ ಎಂದೆ. ಜಲಜಳ ತಂದೆ ಭೈರಪ್ಪ ಬಂದು, "ವಾರ್ಡನಮ್ಮ ಜೊತೆಗೆ ಹೋಗೋದಾದ್ರೆ ಕಳಿಸ್ತೀನಿ, ಇಲ್ಲಾಂದ್ರೆ ಇಲ್ಲ" ಎಂದು ಡಾಕ್ಟರ ಮೇಜಿನ ಮುಂದೆ ಕೂತುಬಿಟ್ಟರು. ಹಾಲಮ್ಮನ ಮನೆಯವರೂ ಅದನ್ನೇ ಬರೆದರು.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ನಮ್ಮಲ್ಲಿ ಪಾಠ ಹೇಳುವ ಡಾಕ್ಟರ್ ಚಂದ್ರಶೇಖರಪ್ಪನವರು ಕನ್ನಡಕ ಒರೆಸುತ್ತ, "ಸುಭದ್ರಮ್ಮನವರೇ, ಸುಮ್ಮನೆ ಕಾವಲಿಗೆ ಅಂತ ಬರೋರಿಗೆ ಅಲ್ಲಿ ಜಾಗ ಇಲ್ವಂತೆ. ನೀವೂ ಆಗಸ್ಟ್‌ನಲ್ಲಿ ಪ್ರಥಮ ಚಿಕಿತ್ಸೆ ಪರೀಕ್ಷೆ ಪಾಸಾಗಬೇಕು" ಎಂದರು.

ನನಗೆ ನಲವತ್ನಾಲ್ಕು ವರ್ಷ. ಯಜಮಾನರು ತೀರಿಕೊಂಡ ಮೇಲೆ ಬೀರೂರು ದಾಟಿಲ್ಲ. ರಕ್ತ ಕಂಡರೆ ಕಣ್ಣು ಕತ್ತಲೆ ಬರುತ್ತದೆ. ದಾದಿಯರ ಹಾಸ್ಟೆಲಿನಲ್ಲಿ ಆರು ವರ್ಷ ಇದ್ದೂ ಒಂದು ದಿನ ಆಸ್ಪತ್ರೆಯ ಒಳಗೆ ಕಾಲಿಡದೆ ಕಾಲ ಹಾಕಿದ್ದೇನೆ. ಅದಕ್ಕೆ ಎಷ್ಟು ಜಾಣತನ ಬೇಕಾಯಿತೆಂದು ನನಗೇ ಗೊತ್ತು.

ಪರೀಕ್ಷೆಯಲ್ಲಿ ಫೇಲಾಗುವುದೆಂದು ತೀರ್ಮಾನಿಸಿದ್ದೇನೆ. ಅದಕ್ಕೆ ಓದುವ ಕಷ್ಟವೂ ಇಲ್ಲ.

೬-೭-೧೯೬೧, ಗುರುವಾರ

ಅಡುಗೆಯ ಚೌಡಮ್ಮನಿಗೆ ಸುದ್ದಿ ಹೇಗೆ ತಿಳಿಯಿತೋ. ಬೆಳಿಗ್ಗೆ ಹುರುಳಿಕಾಯಿ ಸೋಸುತ್ತ ಕಣ್ಣೊರೆಸಿಕೊಂಡಳು.

"ಲಂಕೆಗೆ ಹೋಗಿಬಂದ ಹೆಂಗಸರು ಯಾರೂ ಸುಖಪಟ್ಟಿಲ್ಲ ಕಣಮ್ಮ."

"ಎಷ್ಟು ಜನ ಹೋಗಿದ್ರೇ?" ಎಂದೆ.

"ಒಬ್ಬಳೇ. ಸಾಲದಾ?"



೧೧-೭-೧೯೬೧, ಮಂಗಳವಾರ

ಮೊದಲ ಪಾಠ. ಹುಡುಗಿಯರು ಶಿಸ್ತಾಗಿ ಕೂರುತ್ತಾರೋ ಇಲ್ಲವೋ ನೋಡೋಣವೆಂದು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಡಾಕ್ಟರು ಒಬ್ಬ ಗಾಯಾಳು ಬೇಕು ಎಂದರು. ಹದಿನೆಂಟು ತಲೆಗಳೂ ನನ್ನ ಕಡೆ ತಿರುಗಿದವು. ಇಂಥ ಒಗ್ಗಟ್ಟನ್ನು ಪಾತ್ರೆ ತೊಳೆಯುವ ಸರದಿಯಲ್ಲಿ ನಾನು ಕಂಡಿಲ್ಲ.

ನನ್ನ ಬಲಗಾಲು ಮುರಿದಿದೆ ಎಂದರು. ಎರಡು ಹಲಗೆ ಕಟ್ಟಿದರು. ಎಡಗೈ ಮುರಿದಿದೆ ಎಂದರು; ಬಟ್ಟೆಯಲ್ಲಿ ಕತ್ತಿಗೆ ತೂಗುಹಾಕಿದರು. ದವಡೆಯೂ ಮುರಿದಿದೆ ಎಂದು ಹಾಲಮ್ಮ ತಾನಾಗಿಯೇ ಸೇರಿಸಿ ಬಾಯಿ ಕಟ್ಟಿದಳು. ಅದು ಪಾಠದಲ್ಲಿ ಇರಲಿಲ್ಲವೆಂದು ನನಗೆ ಬಲವಾದ ಅನುಮಾನ.

ಅಷ್ಟರಲ್ಲಿ ಹೆಡ್ ಗುಮಾಸ್ತ ಷಡಕ್ಷರಪ್ಪನವರು ರುಜು ಹಾಕಿಸಲು ರಿಜಿಸ್ಟರ್ ಹಿಡಿದು ಬಂದರು. ಬಾಗಿಲಲ್ಲೇ ನಿಂತು, "ಅಯ್ಯಯ್ಯೋ, ಯಾವಾಗ ಆಯ್ತಮ್ಮಾ?" ಎಂದರು. ನನ್ನ ಬಾಯಿ ಕಟ್ಟಿತ್ತು. ಎಲೆಅಡಿಕೆ ಉಗುಳಿಬರಲು ಹೋದವರು ಹಾಗೆಯೇ ಬಜಾರಿನ ಕಡೆ ನಡೆದರು. ಸಂಜೆ ಐದು ಗಂಟೆಗೆ ಏಳು ಜನ ಹೆಂಗಸರು ಬಾಳೆಹಣ್ಣು, ಬ್ರೆಡ್ಡು ಹಿಡಿದು ನನ್ನನ್ನು ನೋಡಲು ಬಂದರು. ನಾನು ಎದ್ದು ನಡೆದಾಡಿದ್ದು ಅವರಿಗೆ ಅಷ್ಟು ಹಿಡಿಸಲಿಲ್ಲ. ಷಡಕ್ಷರಪ್ಪನವರ ಹೆಂಡತಿ ವೀರಮ್ಮ ಮಾತ್ರ ಬಿದ್ದೂ ಬಿದ್ದೂ ನಕ್ಕು, ತಂದ ಹಣ್ಣನ್ನು ತಾವೇ ಒಂದೆರಡು ಸುಲಿದು ತಿಂದು ಹೋದರು.

೧೫-೭-೧೯೬೧, ಶನಿವಾರ

ಗಂಟು ಹಾಕುವುದನ್ನು ಕಲಿಸಿದರು. ಬಲ ಎಡದ ಮೇಲೆ, ಆಮೇಲೆ ಎಡ ಬಲದ ಮೇಲೆ. ನನ್ನ ಗಂಟು ಬಿಚ್ಚಲು ಈಳಿಗೆ ಮಣೆ ತರಿಸಬೇಕಾಯಿತು.

೨೫-೭-೧೯೬೧, ಮಂಗಳವಾರ

ಆರು ವರ್ಷದ ಜಾಣತನ ಇವತ್ತು ಮುಗಿಯಿತು. ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೋಣೆಗೆ ಎಲ್ಲರನ್ನೂ ಕರೆದೊಯ್ದರು. ಸೌದೆ ಒಡೆಯುವಾಗ ಕಾಲಿಗೆ ಏಟು ಬಿದ್ದ ಒಬ್ಬಾತ ಕೂತಿದ್ದ. ಡಾಕ್ಟರು ಬಟ್ಟೆ ತೆಗೆದರು. ಆಮೇಲೆ ನನಗೆ ಕಂಡದ್ದು ಛಾವಣಿಯ ಹಲ್ಲಿ.

ನನ್ನ ಕಾಲು ಮೇಲೆತ್ತಿ ಹಿಡಿದಿದ್ದವಳು ಜಲಜ. ಗಾಳಿ ಬೀಸುತ್ತಿದ್ದವನು ಆ ಕಾಲು ಏಟಿನವನೇ. "ಪಾಪ, ಅಮ್ಮಂಗೆ ಮೊದ್ಲು ನೋಡಿ ಸ್ವಾಮಿ, ನನ್ನದು ಆಮೇಲಾಗ್ಲಿ" ಎನ್ನುತ್ತಿದ್ದ.

ಮೂರ್ಛೆ ಹೋದವರಿಗೆ ಏನು ಮಾಡಬೇಕೆಂಬ ಪಾಠ ನಾಳೆಗೆ ಇತ್ತಂತೆ. ಇವತ್ತೇ ಆಗಿಹೋಯಿತು, ಒಂದು ದಿನ ಉಳಿಯಿತೆಂದು ಡಾಕ್ಟರು ಸಂತೋಷಪಟ್ಟರು.

೨-೮-೧೯೬೧, ಬುಧವಾರ

ಇದನ್ನು ಬರೆಯುವುದಕ್ಕೂ ಕೈ ಬರುವುದಿಲ್ಲ.

ಉಸಿರು ನಿಂತವರನ್ನು ಬೋರಲು ಮಲಗಿಸಿ ಬೆನ್ನು ಒತ್ತುವುದು ಇಲ್ಲಿಯವರೆಗಿನ ಪದ್ಧತಿ. ಅದರಲ್ಲಿ ಮರ್ಯಾದೆ ಇತ್ತು. ಈಗ ಕೊಲಂಬೊದಿಂದ ಹೊಸ ಪುಸ್ತಕ ಬಂದಿದೆ. ಬಾಯಿಗೆ ಬಾಯಿಟ್ಟು ಉಸಿರು ಊದಬೇಕಂತೆ! ಡಾಕ್ಟರು ಇದನ್ನು ಹಾಲು ಕಾಯಿಸುವ ವಿಷಯ ಹೇಳಿದಷ್ಟು ಸಲೀಸಾಗಿ ಹೇಳಿದರು. ಹುಡುಗಿಯರು ತಲೆ ತಗ್ಗಿಸಿದರು. ಹಾಲಮ್ಮ ಮಾತ್ರ, "ಗಂಡಸರಿಗೂ ಊದಬೇಕಾ ಸಾರ್?" ಎಂದು ಕೇಳಿದಳು. ಉಸಿರಿಗೆ ಹೆಣ್ಣು ಗಂಡು ಇಲ್ಲ ಎಂದರು.

ನೇರವಾಗಿ ಆಫೀಸಿಗೆ ಹೋದೆ. ಷಡಕ್ಷರಪ್ಪನವರು ಕಿವಿ ಮುಚ್ಚಿಕೊಂಡು ಕೇಳಿದರು. ಇಬ್ಬರೂ ಕೂತು ಮೇಲಿನವರಿಗೆ ಒಂದು ಅರ್ಜಿ ಬರೆದೆವು. "ಈ ಪಾಠವು ಹೆಣ್ಣುಮಕ್ಕಳ ಘನತೆಗೆ ಕುಂದು ತರತಕ್ಕದ್ದಾಗಿದ್ದು" ಎಂಬುದು ಅವರ ವಾಕ್ಯ. ಸೊಗಸಾಗಿದೆ. ಅವರೊಬ್ಬ ದೊಡ್ಡ ಭಾಷಣಕಾರರು. ಎಲೆಅಡಿಕೆ ಹಾಕಿಕೊಂಡೇ ಒಂದು ಗಂಟೆ ಮಾತಾಡಬಲ್ಲರು. ಅರ್ಜಿಯನ್ನು ನಾಳೆ ಟಪಾಲಿಗೆ ಹಾಕಬೇಕು.

೪-೮-೧೯೬೧, ಶುಕ್ರವಾರ

ಊದುವುದನ್ನು ಅಭ್ಯಾಸ ಮಾಡಲು ಡಾಕ್ಟರು ಒಂದು ಬೊಂಬೆ ಕಟ್ಟಿಸಿದ್ದಾರೆ. ದಿಂಬಿನ ಮೈ, ಮಡಕೆಯ ತಲೆ, ಒಳಗೆ ಫುಟ್‌ಬಾಲಿನ ಬ್ಲಾಡರು. ಸರಿಯಾಗಿ ಊದಿದರೆ ಎದೆ ಏಳುತ್ತದೆ. ಹುಡುಗಿಯರು ಊದಿದರೆ ಏಳುತ್ತಲೇ ಇಲ್ಲ, ಗಾಳಿಯೆಲ್ಲ ಪಕ್ಕಕ್ಕೆ ಹೋಗುತ್ತದೆ. ಕತ್ತು ಹಿಂದಕ್ಕೆ ಬಾಗಿಸಬೇಕು, ಮೂಗು ಹಿಡಿಯಬೇಕು ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಯಾರು ಓದುತ್ತಾರೆ!

ಇದು ಎಷ್ಟರಮಟ್ಟಿಗೆ ಮರ್ಯಾದೆಗೆಟ್ಟದ್ದೆಂದು ತಿಳಿಯದೆ ವಿರೋಧಿಸುವುದು ಸರಿಯಲ್ಲ. ಆದ್ದರಿಂದ ಮಧ್ಯಾಹ್ನ ಬೊಂಬೆಯನ್ನು ಕೋಣೆಗೆ ತಂದು ಚಿಲಕ ಹಾಕಿಕೊಂಡು ಊದಿ ನೋಡಿದೆ. ಮೂರನೆಯ ಸಲಕ್ಕೆ ಎದೆ ಎದ್ದಿತು. ಇನ್ನೊಂದು ಇಪ್ಪತ್ತು ಸಲ ಊದಿದೆ. ಕಿಟಕಿ ಹಾಕುವುದನ್ನು ಮರೆತಿದ್ದೆ. ಸಂಜೆ ಚೌಡಮ್ಮ ಮಾತಿಲ್ಲದೆ ನನ್ನ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಹೋದಳು.

೧೩-೮-೧೯೬೧, ಭಾನುವಾರ

ತರಕಾರಿಗೆ ಗಾಂಧಿ ಬಜಾರಿಗೆ ಹೋಗಿ ಬರುವುದು ತಡವಾಯಿತು. ಜಟಕಾದ ನಾಗಯ್ಯ ಕೈಗೆ ಅದೇನೋ ತಗಡು ಕೊಯ್ದುಕೊಂಡು ಕೊಳೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಗಂಟು ನೋಡಿದರೆ ಬರಿಯ ಕುರುಡು ಗಂಟು. ರಕ್ತ ಮೊಣಕೈವರೆಗೆ ಇಳಿಯುತ್ತಿದೆ, ಕೈಯನ್ನು ಮೇಲೆತ್ತಿ ಹಿಡಿಯಬೇಕೆಂಬ ಬುದ್ಧಿಯೂ ಇಲ್ಲ. ಅದನ್ನು ಬಿಚ್ಚಿ, ತೊಳೆದು, ಒತ್ತಿ ಹಿಡಿದು, ನನ್ನ ಒಗೆದ ಕರ್ಚೀಫು ಕಟ್ಟಿ ಆಸ್ಪತ್ರೆಗೆ ಅಟ್ಟುವಷ್ಟರಲ್ಲಿ ಒಳ್ಳೆಯ ಬದನೆಕಾಯೆಲ್ಲ ಖರ್ಚಾಗಿದ್ದವು. ಉಳಿದದ್ದು ಹುಳುಕು. ಸೀರೆಯ ಮೇಲಿನ ಕಲೆಗೆ ಸೋಪು ಹಚ್ಚಿ ನೆನೆಹಾಕಿದ್ದೇನೆ.

ಅರ್ಜಿ ಇನ್ನೂ ಕೈಚೀಲದಲ್ಲೇ ಇದೆ. ಅಂಚೆಪೆಟ್ಟಿಗೆಯ ಮುಂದೆಯೇ ಹೋಗಿಬಂದೆ, ನೆನಪಾಗಲಿಲ್ಲ.

೨೯-೮-೧೯೬೧, ಮಂಗಳವಾರ

ಬೆಂಗಳೂರಿನಿಂದ ಬಂದ ಇಬ್ಬರು ಡಾಕ್ಟರುಗಳು ಪರೀಕ್ಷೆ ಮಾಡಿದರು. ಜಲಜ ಅರವತ್ತೆಂಟು, ಹಾಲಮ್ಮ ಅರವತ್ತಾರು, ನಾನು ಎಪ್ಪತ್ತೊಂದು.

ಇದು ಅನ್ಯಾಯ. ತೊಡೆಯ ಮೂಳೆಗೆ ನಾನು ಏಳು ಕಡೆ ಪಟ್ಟಿ ಕಟ್ಟಿದ್ದೆ. ಆರು ಸಾಕಿತ್ತೆಂದು ನಾಲ್ಕು ಅಂಕ ಕಳೆದಿದ್ದಾರೆ. ಒಂದು ಹೆಚ್ಚು ಕಟ್ಟಿದರೆ ಯಾರ ಗಂಟೇನು ಹೋಗುತ್ತದೆ? ಪುಸ್ತಕ ತೆಗೆದು ತೋರಿಸಿದೆ. "ತಾಯಿ, ನೀವು ಪಾಸಾಗಿದ್ದೀರಿ" ಎಂದರು. ಪಾಸಾದದ್ದನ್ನು ಯಾರು ಕೇಳಿದರು? ನಾನು ಕೇಳಿದ್ದು ನಾಲ್ಕು ಅಂಕ.

ಈ ರಗಳೆಯಲ್ಲಿ ಗೇಟಿಗೆ ಬೀಗ ಹಾಕುವುದೇ ಮರೆತುಹೋಯಿತು. ಹುಡುಗಿಯರು ಅವರಾಗಿಯೇ ಹಾಕಿಕೊಂಡಿದ್ದರು.

೧೭-೯-೧೯೬೧, ಭಾನುವಾರ

ನಿಧಾನವಾಗಿ, ಕ್ರಮವಾಗಿ ಬರೆಯಬೇಕು.

ನಮ್ಮನ್ನು ಬೀಳ್ಕೊಡಲು ಇವತ್ತು ಭದ್ರಾವತಿಯಲ್ಲಿ ಸಭೆ. ಜನ್ನಾಪುರದ ಬಯಲಿನಲ್ಲಿ ಶಾಮಿಯಾನ ಹಾಕಿ, ಕಾರ್ಖಾನೆಯ ಸಂಸಾರಗಳನ್ನೆಲ್ಲ ಕರೆದಿದ್ದರು. ಮುನ್ನೂರು ಜನ ಇದ್ದಿರಬಹುದು. ನಾವು ಪಟ್ಟಿ ಕಟ್ಟಿ ತೋರಿಸಿದೆವು. ಆಮೇಲೆ ಷಡಕ್ಷರಪ್ಪನವರ ಭಾಷಣ. ಬೆಳಗಿನ ಮಳೆಗೆ ನೆಲ ಒದ್ದೆಯಾಗಿತ್ತು. ಚಪ್ಪಲಿ ಬಿಟ್ಟು ಬಂದು ಮೈಕಿನ ಮುಂದೆ ನಿಂತರು. ಇಪ್ಪತ್ತು ನಿಮಿಷ ಮಾತಾಡಿದರು. "ಆದ್ದರಿಂದ ಮಹನೀಯರೇ" ಎಂದು ಮೈಕಿನ ಕಂಬವನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಅಷ್ಟೆ, ಮಾತು ನಿಂತಿತು. ಕೈ ಕಂಬಕ್ಕೆ ಕಚ್ಚಿಕೊಂಡಿತು. ಮೈ ನಡುಗಲು ಹತ್ತಿತು. ಭಾವಾವೇಶವೆಂದು ತಿಳಿದು ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

"ಯಾರೂ ಮುಟ್ಟಬೇಡಿ, ಕರೆಂಟು ಹೊಡೆದಿದೆ!" ಎಂದು ಯಾರೋ ಕೂಗಿದರು. ಅದು ನಾನೇ ಅಂತೆ, ಜಲಜ ಹೇಳುತ್ತಾಳೆ. ಮೈಕಿನವನು ಕಾಫಿಗೆ ಹೋಗಿದ್ದ. ಹಾಲಮ್ಮ ಓಡಿ ಹೋಗಿ ಸ್ವಿಚ್ಚು ಆರಿಸಿದಳು. ಅಷ್ಟರಲ್ಲಿ ನಾನು ಮರದ ಕುರ್ಚಿಯಿಂದ ಕಂಬವನ್ನು ಅತ್ತ ತಳ್ಳಿದ್ದೆ. ಷಡಕ್ಷರಪ್ಪನವರು ಮೂಟೆಯಂತೆ ಬಿದ್ದರು.

ಕೂತು ನೋಡಿದೆ. ಕತ್ತಿನಲ್ಲಿ ನಾಡಿ ಇತ್ತು. ಉಸಿರು ಇರಲಿಲ್ಲ. ತುಟಿ ನೀಲಿ. ಬಾಯಿ ತೆರೆದರೆ ಒಳಗೆ ಎಲೆಅಡಿಕೆ! ಇಡೀ ಬಾಯಿ ಎಲೆಅಡಿಕೆ! ಎರಡು ಬೆರಳು ಹಾಕಿ ಬಳಿದೆ. ಮತ್ತೆ ಬಳಿದೆ. ಅಷ್ಟನ್ನು ಇಟ್ಟುಕೊಂಡು ಇಪ್ಪತ್ತು ನಿಮಿಷ ಮಾತಾಡಿದ್ದು ಹೇಗೆಂಬುದು ನನಗೆ ಈಗಲೂ ಅರ್ಥವಾಗಿಲ್ಲ. ಸೆರಗಿನಿಂದ ಬಾಯಿ ಒರೆಸಿ, ಕತ್ತು ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಊದಿದೆ.

ಎದೆ ಎದ್ದಿತು.

ಜನ ಮೇಲೆ ಮುಗಿಬಿದ್ದರು. ಒಂದೊಂದು ಸಲ ತಲೆ ಎತ್ತಿದಾಗಲೂ "ಹಿಂದೆ ಸರೀರಿ, ಗಾಳಿ ಬಿಡಿ" ಎಂದು ಗದರಿ ಮತ್ತೆ ಊದಿದೆ. ಜಲಜ ಎಣಿಸುತ್ತಿದ್ದಳು. ನಲವತ್ತೊಂದು, ನಲವತ್ತೆರಡು. ಐವತ್ತರ ಹತ್ತಿರ ಅವಳ ದನಿ ಒಡೆಯಿತು. "ಎಣಿಸು" ಎಂದೆ. ಐವತ್ತೇಳಕ್ಕೆ ಅವರು ಕೆಮ್ಮಿದರು. ತಾವಾಗಿಯೇ ಒಂದು ಉಸಿರು ಎಳೆದರು, ಇನ್ನೊಂದು ಎಳೆದರು. ಕಣ್ಣು ಬಿಟ್ಟು, ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಎಲ್ಲಿಗೆ ನಿಲ್ಲಿಸಿದ್ದೆ?" ಎಂದರು.

ಜೀಪಿನಲ್ಲಿ ಶಿವಮೊಗ್ಗಕ್ಕೆ ತಂದು ಆಸ್ಪತ್ರೆಗೆ ಸೇರಿಸಿದೆವು. ಚಂದ್ರಶೇಖರಪ್ಪನವರು ಪರೀಕ್ಷೆ ಮಾಡಿ ಹೊರಗೆ ಬಂದು, ನನ್ನ ಕಡೆ ನೋಡಿ, ಕನ್ನಡಕ ಒರೆಸುತ್ತ ನಿಂತುಬಿಟ್ಟರು.

ಬಾಯಿಯನ್ನು ಆರು ಸಲ ಮುಕ್ಕಳಿಸಿದ್ದೇನೆ. ಹೊಗೆಸೊಪ್ಪಿನ ಖಾರ ಇನ್ನೂ ಹೋಗಿಲ್ಲ.

೧೯-೯-೧೯೬೧, ಮಂಗಳವಾರ

ಊರಿನಲ್ಲಿ ಎರಡು ಪಕ್ಷಗಳಾಗಿವೆ. ಒಂದು ಪಕ್ಷ ನಾನು ಜೀವ ಉಳಿಸಿದೆ ಎನ್ನುತ್ತದೆ. ಇನ್ನೊಂದು ಪಕ್ಷ ಅದನ್ನು ಒಪ್ಪಿಕೊಂಡು ಆಮೇಲೆ "ಆದರೂ..." ಎನ್ನುತ್ತದೆ. ಬಜಾರಿನಲ್ಲಿ ನನ್ನನ್ನು ಕಂಡರೆ ಕೆಲವರು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ನಾನೇನು ಸಿಕ್ಕಿದವರಿಗೆಲ್ಲ ಊದುತ್ತೇನೆಯೇ?

ಇದಕ್ಕೆಲ್ಲ ನಗಬಹುದು. ಆದರೆ ಸಂಜೆ ಭೈರಪ್ಪನವರ ಕಾಗದ ಬಂತು. ಜಲಜಳನ್ನು ಕೊಲಂಬೊಗೆ ಕಳಿಸುವುದಿಲ್ಲ, ಈ ಓದೂ ಸಾಕು, ಭಾನುವಾರ ಮನೆಗೆ ಕರೆದುಕೊಂಡು ಬಂದು ಬಿಡಬೇಕು. ಜಲಜ ಕಾಗದ ಓದಿ ಅಳಲಿಲ್ಲ. ತನ್ನ ಪುಸ್ತಕಗಳನ್ನು ಒಂದೊಂದಾಗಿ ಹಾಲಮ್ಮನ ಪೆಟ್ಟಿಗೆಯಲ್ಲಿ ಇಡುತ್ತ ಕೂತಳು. ಊಟಕ್ಕೆ ಏಳಲಿಲ್ಲ. ನಾನೂ ಏಳಲಿಲ್ಲ.

ನಾನು ಊದದೇ ಇದ್ದಿದ್ದರೆ ಎಂದು ಒಂದು ಗಳಿಗೆ ಯೋಚಿಸಿದೆ. ಒಂದೇ ಗಳಿಗೆ.

೨೪-೯-೧೯೬೧, ಭಾನುವಾರ

ಜಲಜಳನ್ನು ಕರೆದುಕೊಂಡು ಬಸ್ಸಿಗೆ ಹೊರಟಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ವೀರಮ್ಮ ನಿಂತಿದ್ದರು, ಪಕ್ಕದಲ್ಲಿ ಶಾಲು ಹೊದ್ದ ಷಡಕ್ಷರಪ್ಪನವರು. "ನಾವೂ ಬರ್ತೀವಿ" ಎಂದರು ವೀರಮ್ಮ. ಗಂಡನ ಕಡೆ ತಿರುಗಿ, "ನೀವು ಅಲ್ಲಿ ಒಂದು ಮಾತೂ ಆಡಕೂಡದು" ಎಂದರು. ಅವರು ತಲೆಯಾಡಿಸಿದರು. ವಾರದಿಂದ ಎಲೆಅಡಿಕೆ ಬಿಟ್ಟಿದ್ದಾರಂತೆ. ಮುಖ ಸಣ್ಣಗಾಗಿತ್ತು.

ಜನ್ನಾಪುರದಲ್ಲಿ ಭೈರಪ್ಪನವರು ನಮಗೆ ಚಾಪೆ ಹಾಸಿದರು, ನೀರು ಕೊಟ್ಟರು, ಆದರೆ ನನ್ನ ಮುಖ ನೋಡಲಿಲ್ಲ.

"ನೀವು ಮಾಡಿದ್ದು ತಪ್ಪು ಅಂತ ನಾನು ಅನ್ನಲ್ಲಮ್ಮ. ಆದ್ರೆ ಮುನ್ನೂರು ಜನರ ಎದುರಿಗೆ! ನಾಳೆ ನನ್ನ ಮಗಳೂ ಹಿಂಗೆ ಮಾಡಿದ್ರೆ ಅವಳನ್ನ ಯಾರು ಮದುವೆ ಆಗ್ತಾರೆ?"

ವೀರಮ್ಮ ಸೆರಗು ಸಿಕ್ಕಿಸಿಕೊಂಡರು.

"ಭೈರಪ್ಪನೋರೇ, ಇವರು ಬಾಯಿ ಇಟ್ಟಿದ್ದು ಯಾರ ಗಂಡನ ಬಾಯಿಗೆ? ನನ್ನ ಗಂಡನ ಬಾಯಿಗೆ. ಬೇಜಾರು ಮಾಡ್ಕೊಳ್ಳೋ ಹಕ್ಕು ಇದ್ರೆ ಅದು ನನಗೆ. ನಾನೇ ಮಾಡ್ಕೊಂಡಿಲ್ಲ, ನಿಮ್ಮದೇನು ಮಾರಾಯ್ರೇ? ಇಪ್ಪತ್ತೆರಡು ವರ್ಷದಿಂದ ಆ ಎಲೆಅಡಿಕೆ ಬಾಯಿ ಹತ್ರ ಹೋಗೋಕೆ ನಾನೇ ಹೇಸ್ತೀನಿ. ಈಯಮ್ಮ ಹೋದ್ರು!"

ಷಡಕ್ಷರಪ್ಪನವರು ಶಾಲನ್ನು ಕಿವಿಯವರೆಗೆ ಎಳೆದುಕೊಂಡರು. ಹಾಗೆ ನೋಡಿದರೆ ಅಲ್ಲಿ ಎಲ್ಲರೂ ನಗಬೇಕಿತ್ತು. ಭೈರಪ್ಪನವರು ನಗಲಿಲ್ಲ. ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಷಡಕ್ಷರಪ್ಪನವರನ್ನು ಕೇಳಿದರು:

"ಸ್ವಾಮಿ, ನಿಮ್ಮ ಉಸಿರು ಪೂರ್ತಿ ನಿಂತಿತ್ತಾ?"

ಷಡಕ್ಷರಪ್ಪನವರು ಹೆಂಡತಿಯ ಕಡೆ ನೋಡಿದರು. ಆಕೆ ತಲೆಯಾಡಿಸಿದ ಮೇಲೆ, "ನಿಂತಿತ್ತಂತೆ" ಎಂದರು. ನಾನು ಕೇಳಿದ ಅವರ ಅತಿ ಸಣ್ಣ ಭಾಷಣ ಅದು.

"ನನಗೊಬ್ಬ ತಮ್ಮ ಇದ್ದ" ಎಂದರು ಭೈರಪ್ಪನವರು. "ಇವಳು ಹುಟ್ಟೋಕೆ ಮುಂಚೆ. ಹೊಳೇಲಿ ಮುಳುಗಿದ. ಎತ್ತಿ ದಡಕ್ಕೆ ಹಾಕಿದಾಗ ಮೈ ಇನ್ನೂ ಬಿಸಿ ಇತ್ತು. ಹತ್ತು ಜನ ಸುತ್ತ ನಿಂತಿದ್ವಿ. ಹತ್ತು ಜನಕ್ಕೂ ಬಾಯಿ ಇತ್ತು."

ಜಲಜ ಈ ಕಥೆಯನ್ನು ಮೊದಲ ಸಲ ಕೇಳುತ್ತಿದ್ದಳೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಭೈರಪ್ಪನವರು ಎದ್ದು, ಅವಳು ತಂದಿದ್ದ ಟ್ರಂಕನ್ನು ಎತ್ತಿ ಹೊರಗೆ ಜಗುಲಿಗೆ ತಂದಿಟ್ಟರು.

"ಬಸ್ಸು ನಾಲ್ಕೂವರೆಗೆ" ಎಂದರು. "ಕಾಫಿ ಕುಡಿದು ಹೊರಡಿ. ಇವಳನ್ನೂ ಕರ್ಕೊಂಡು ಹೋಗಿ."

ಬಸ್ಸಿನಲ್ಲಿ ಷಡಕ್ಷರಪ್ಪನವರು ಮೆಲ್ಲಗೆ, "ಆ ಅರ್ಜಿ ಕಳಿಸಿದಿರಾ?" ಎಂದು ಕೇಳಿದರು. ಇಲ್ಲ ಎಂದೆ. "ಒಳ್ಳೇದಾಯ್ತು. ಅದರಲ್ಲಿ ವ್ಯಾಕರಣದ ತಪ್ಪಿತ್ತು" ಎಂದರು.

೪-೧೦-೧೯೬೧, ಬುಧವಾರ

ರೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ.

ಶಿವಮೊಗ್ಗದ ನಿಲ್ದಾಣಕ್ಕೆ ಹದಿನಾರು ಹುಡುಗಿಯರೂ ಬಂದಿದ್ದರು. ನಾನಿಲ್ಲದ ಆರು ವಾರ ಹೇಗಿರಬೇಕೆಂದು ಹೇಳಬೇಕಿತ್ತು, ಮಾತು ಪಟ್ಟಿ ಡಬ್ಬದ ಕಡೆಗೇ ಹೋಯಿತು. ಕತ್ತರಿ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳಿ ಎಂದೆ. ಚೌಡಮ್ಮ ಚಕ್ಕುಲಿ ಡಬ್ಬ ಕೊಟ್ಟು, "ಅಲ್ಲಿಯೋರು ಕೊಟ್ಟಿದ್ದು ತಿನ್ಬೇಡಿ" ಎಂದು ಅತ್ತಳು. ಷಡಕ್ಷರಪ್ಪನವರು ಎರಡು ಮಾತು ಆಡಲು ನಿಂತರು. "ಆದ್ದರಿಂದ ಮಹನೀಯರೇ" ಎನ್ನುವಾಗ ರೈಲು ಹೊರಟಿತು. ಕೈಯೆತ್ತಿ ಮಾತಾಡುತ್ತಲೇ ಇದ್ದರು. ಉಸಿರು ಚೆನ್ನಾಗಿಯೇ ಓಡುತ್ತಿದೆ.

ಭದ್ರಾವತಿಯಲ್ಲಿ ಜಲಜ ಹತ್ತಿದಳು. ಎರಡು ದಿನ ಮನೆಯಲ್ಲಿ ಇದ್ದು ಬರಲೆಂದು ಕಳಿಸಿದ್ದೆ. ಭೈರಪ್ಪನವರು ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ಕಿಟಕಿಯ ಸರಳು ಹಿಡಿದು, "ಅಮ್ಮಾ, ಕಲಿತು ಬಂದ್ಮೇಲೆ ನಮ್ಮ ಜನ್ನಾಪುರದೋರಿಗೂ ಹೇಳ್ಕೊಡಿ. ಭಾನುವಾರ ಎಲ್ಲಾರೂ ಮನೇಲಿರ್ತೀವಿ" ಎಂದರು. "ಬರ್ತೀನಿ. ಬೊಂಬೆ ತರ್ತೀನಿ" ಎಂದೆ. ಏನು ಬೊಂಬೆ ಎಂದು ಅವರು ಕೇಳುವಷ್ಟರಲ್ಲಿ ರೈಲು ಕದಲಿತು.

ಟಿಕೆಟ್ ನೋಡುವವರು ಬಂದರು. ಕಾಗದಗಳನ್ನು ತಿರುವಿ ತಿರುವಿ, "ಕೊಲಂಬೊಗೆ ಕಲಿಯೋಕೆ ಹೋಗ್ತಿರೋ ಹುಡುಗೀರು ಎಷ್ಟು ಜನಮ್ಮಾ?" ಎಂದರು.

"ಮೂರು ಜನ" ಎಂದೆ.

ಅವರು ಬೆಂಚನ್ನು ಎರಡು ಸಲ ನೋಡಿದರು. ಜಲಜ, ಹಾಲಮ್ಮ ಇಬ್ಬರೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿ ನಗಲು ಶುರುಮಾಡಿದವರು ತರೀಕೆರೆ ಬಂದರೂ ನಿಲ್ಲಿಸಿಲ್ಲ. ಇದರಲ್ಲಿ ನಗುವುದಕ್ಕೇನಿದೆಯೋ ನನಗೆ ತಿಳಿಯದು. ಎಣಿಸಿಯೇ ಹೇಳಿದ್ದೇನೆ.